ಒಂದು ವರ್ಷದ ಗೊಬ್ಬರ

ಟ್ರ್ಯಾಕ್ಟರ್ ಹೊಲದ ಮೂಲೆಗೆ ಗೊಬ್ಬರ ಸುರಿದು ಹೋದಾಗ ಉದ್ದಣ್ಣನಿಗೆ ಖುಷಿಯಾಗಬೇಕಿತ್ತು. ಆದರೆ ಹುಟ್ಟಿದ್ದು ಅನುಮಾನ. ಹೊಲ ಪೇಟೆಯ ಔಷಧಿ ಅಂಗಡಿ ಯಜಮಾನರದು. ಉದ್ದಣ್ಣ ಅದನ್ನು ಕೋರಿಗೆ ಮಾಡುತ್ತಿದ್ದ, ಬಂದ ಬೆಳೆಯಲ್ಲಿ ಅರ್ಧರ್ಧ. ಕರಾರು ಬಾಯಿಮಾತಿನದು, ಅದೂ ವರ್ಷದ ಮಟ್ಟಿಗೆ. ಪ್ರತಿ ಕೊಯ್ಲಿಗೂ "ಮುಂದಿನ ಸಲ ನೋಡೋಣ" ಎನ್ನುವ ಮನುಷ್ಯ ಇಷ್ಟು ದಿನ ಒಂದು ಬುಟ್ಟಿ ಸಗಣಿಯನ್ನೂ ಕಳಿಸಿದವರಲ್ಲ.

"ಹರಡೋಕೆ ಏನ್ ಧಾಡಿ ನಿಮಗೆ?" ಎಂದಳು ಹೆಂಡತಿ.

"ಗೊಬ್ಬರದ ಕಸುವು ಮೂರು ವರ್ಷ ಇರುತ್ತೆ ಕಣೇ. ಹೊಲ ನಮಗೆ ಒಂದೇ ವರ್ಷ. ಮಿಕ್ಕಿದ್ದು ಯಾರ ಹೊಟ್ಟೆಗೆ? ಯಾರಿಗೋ ಮಾರೋಕೆ ಮಣ್ಣಿಗೆ ಬಣ್ಣ ಬರಿಸ್ತಿದಾರೆ. ಬೆವರು ಮಾತ್ರ ನಂದು."

"ನಿಮ್ಮ ತಲೇಲಿರೋ ಹುಳಕ್ಕೆ ಅವರ ಅಂಗಡೀಲೂ ಔಷಧಿ ಸಿಗಲ್ಲ ಬಿಡಿ."

ರಾಶಿ ಬಿದ್ದಲ್ಲೇ ಉಳಿಯಿತು. ಉದ್ದಣ್ಣ ಅದರ ಸುತ್ತಲೇ ಉತ್ತು ಬಿತ್ತಿದ. ಪೇಟೆ ಕಡೆಯಿಂದ ಬೈಕು ಬಂದಾಗಲೆಲ್ಲ ಅಳೆಯುವವರೋ ಕೊಳ್ಳುವವರೋ ಎಂದು ಕತ್ತು ಚಾಚಿದ. ಯಾರೂ ಬರಲಿಲ್ಲ; ಅನುಮಾನ ಇನ್ನೂ ಬೆಳೆಯಿತು. ಮೆಕ್ಕೆಜೋಳ ಮಾತ್ರ ಸೊಂಟದ ಹತ್ತಿರ ಬಂದು ಹಳದಿಗೆ ತಿರುಗಿತು. ಮಳೆನೀರಿನ ಜೊತೆ ರಾಶಿಯ ಸಾರ ಇಳಿದಿದ್ದ ನಾಲ್ಕು ಸಾಲು ಆಳೆತ್ತರ, ಕಡುಹಸಿರು.

ಕೊಯ್ಲಿಗೆ ಬಂದ ಯಜಮಾನರು ನಿಂತದ್ದೂ ಆ ಸಾಲುಗಳ ಮುಂದೆಯೇ.

"ಯಾಕಪ್ಪಾ ಹರಡಲಿಲ್ಲ?"

"ಯಾಕೆ ಕಳಿಸಿದ್ರಿ ಅಂತ ಗೊತ್ತಾಗ್ಲಿಲ್ಲ, ಯಜಮಾನ್ರೇ."

"ನೀನೇನು ಮಾಡ್ತೀಯ ನೋಡೋಣ ಅಂತ. ಹರಡಿದ್ರೆ ಉಳಿಯೋ ಮನುಷ್ಯ, ಐದು ವರ್ಷಕ್ಕೆ ಬರೆದುಕೊಡೋಣ ಅಂದ್ಕೊಂಡಿದ್ದೆ."

"ಅದನ್ನ ಮೊದಲೇ ಹೇಳಬಾರದಿತ್ತಾ?"

"ಹೇಳಿದ್ಮೇಲೆ ನೀನು ಹೊಲಾನೇ ನಂದು ಅಂತ ಕೂತ್ರೆ?"

ಯಜಮಾನರು ಹಳದಿ ಸಾಲಿನ ತೆನೆಯೊಂದನ್ನು ಮುರಿದು ಸುಲಿದರು. ಕಾಳು ಅಲ್ಲೊಂದು ಇಲ್ಲೊಂದು. ತಮ್ಮ ಪಾಲಿನ ಅರ್ಧವೂ ಹೀಗೇ ಎಂದು ಹೊಳೆದಿರಬೇಕು, ಮುಖ ಸಿಂಡರಿಸಿದರು.

"ಇನ್ನೊಂದು ವರ್ಷ ಮಾಡು. ಆಮೇಲೆ ನೋಡೋಣ."

ಕೊಯ್ಲು ಮುಗಿದ ಮೇಲೆ ಉದ್ದಣ್ಣ ಬುಟ್ಟಿ ತಂದು ರಾಶಿಯನ್ನು ಕೆದಕಿದ. ಸಾಲಿಗೊಂದು ಹಿಡಿಯಷ್ಟು ಉದುರಿಸುತ್ತ ಹೊರಟ.

"ಇದೇನ್ರೀ, ಸಾರಿಗೆ ಉಪ್ಪು ಹಾಕಿದ ಹಾಗೆ?" ಎಂದಳು ಹೆಂಡತಿ.

"ಒಂದು ವರ್ಷಕ್ಕೆ ಇಷ್ಟು ಸಾಕು."

"ತಕ್ಕಡಿ ತರ್ಲಾ?"

ಅವನಿಗೆ ನಗು ಬರಲಿಲ್ಲ. ರಸ್ತೆಯ ತಿರುವಿನಲ್ಲಿ ಬೈಕಿನ ಸದ್ದೊಂದು ತಟ್ಟನೆ ನಿಂತಿತ್ತು. ಆ ಕಡೆಯೇ ನೋಡುತ್ತ ಗೊಬ್ಬರ ಉದುರಿಸುತ್ತಿದ್ದ ಮುಷ್ಟಿಯನ್ನು ಇನ್ನಷ್ಟು ಬಿಗಿ ಮಾಡಿದ.