ನೀವು ಮೊದಲು ಹೋಗಿ

ನನ್ನ ಹೆಂಡತಿ ಮಾರ್ಲಿಸಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಗಮನ ಎಲ್ಲಿರುತ್ತದೋ ಅವಳಿಗೂ ಗೊತ್ತಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ ನಮ್ಮ ಮಿನೆಸೋಟ ರಾಜ್ಯದ ಡುಲುತ್ ಊರಿನ ಡಾಕ್ಟರು ಅದಕ್ಕೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ, ಎಂದು ಹೆಸರಿಟ್ಟು ಮಾತ್ರೆ ಕೊಟ್ಟರು. ಅಷ್ಟರಲ್ಲಿ ಅವಳು ನಮ್ಮ ಗ್ಯಾರೇಜಿಗೇ ಎರಡು ಸಲ ಕಾರು ಗುದ್ದಿ, ಗ್ಯಾರೇಜನ್ನೇ ಬೈದಾಗಿತ್ತು. ಕಾರು ಓಡಿಸುವುದೆಂದರೆ ಅವಳಿಗೆ ಪ್ರಾಣ. ಮೂರು ವರ್ಷ ಜಗಳವಾಡಿ ಕೊನೆಗೆ ಒಪ್ಪಿಸಿದೆ: ದಾರಿಯಲ್ಲಿ ಇನ್ನೊಮ್ಮೆ ರೇಗಿದರೆ ಕೀ ನನ್ನದು.

ಭಾನುವಾರ, ಎಲ್ಲರೂ ಮನೆಯಿಂದ ಅಡುಗೆ ತರುವ ಚರ್ಚಿನ ಊಟಕ್ಕೆ ಹೊರಟೆವು, ಅವಳೇ ಓಡಿಸುತ್ತಿದ್ದಳು. ಆಲೂಗಡ್ಡೆ, ಮಾಂಸ, ಚೀಸ್ ಹಾಕಿ ಬೇಯಿಸಿದ ಬಿಸಿ ಪಾತ್ರೆ ನನ್ನ ತೊಡೆಯ ಮೇಲಿತ್ತು.

"ಮಾತ್ರೆ ತಗೊಂಡ್ಯಾ?"

"ಹುಡುಕೋಕೆ ಹೋದೆ ಆರ್ವಿಡ್, ಕತ್ತರಿ ಸಿಕ್ತು. ಪರದೆ ಅಂಚು ಕತ್ತರಿಸಿದೆ."

"ಅಂದ್ರೆ ತಗೊಂಡಿಲ್ಲ."

"ಪರದೆ ಎಷ್ಟು ಚೆನ್ನಾಗಾಗಿದೆ ಗೊತ್ತಾ?"

ಇಳಿಜಾರಿನಲ್ಲಿ, ಸಿಗ್ನಲ್ ಇಲ್ಲದ ನಾಲ್ಕು ದಾರಿ ಕೂಡುವಲ್ಲಿ ನಾಲ್ಕು ಕಾರುಗಳು ಒಟ್ಟಿಗೆ ಬಂದು ನಿಂತವು. ನಾವು ಮಿನೆಸೋಟದವರು, ಮೊದಲು ಹೋಗುವುದೆಂದರೆ ನಮಗೆ ನಾಚಿಕೆ. ನಾಲ್ವರೂ ನಗುತ್ತ ಕೈ ಬೀಸಿದರು, ನೀವು ಹೋಗಿ, ಇಲ್ಲ ನೀವು ಹೋಗಿ. ಮಾರ್ಲಿಸ್ ತುಸು ಹೊರಟಳು, ಎದುರಿನವನೂ ಹೊರಟ. ಇಬ್ಬರೂ ಗಕ್ಕನೆ ನಿಂತು ಮತ್ತೆ ಕೈ ಬೀಸಿದರು.

ಅವಳ ಕಿವಿ ಕೆಂಪಗಾಯಿತು.

"ಬೇಡ ಕಣೇ," ಎಂದೆ. ಕೇಳುವವರಾರು? ಕೆಳಗಿಳಿದು ಬಾಗಿಲನ್ನು ಧಡಾರನೆ ಬಡಿದಳು.

"ಏನ್ರೀ, ಸೊಳ್ಳೆ ಓಡಿಸ್ತಿದೀರಾ? ಊಟ ಆರಿ ತಂಗಳಾಗುತ್ತೆ! ಯಾರಾದ್ರೂ ಒಬ್ರು ಹೋಗ್ರೀ!"

ಒಬ್ಬರು ಹೋದರು. ನಾನು.

ನಮ್ಮದು ಆಟೊಮ್ಯಾಟಿಕ್ ಕಾರು, ಗೇರನ್ನು ಪಾರ್ಕಿಗೆ ಹಾಕುವುದನ್ನು ಅವಳು ಮರೆತಿದ್ದಳು. ಚಾಲಕನಿಲ್ಲದ ಕಾರು ಗಂಭೀರವಾಗಿ ಮುಂದೆ ಸಾಗಿತು. ಮೂರು ಕಾರಿನವರೂ ಮರ್ಯಾದೆಯಿಂದ ದಾರಿ ಬಿಟ್ಟರು. ಒಬ್ಬ ಮುದುಕ ಟೋಪಿಯನ್ನೂ ಎತ್ತಿದ. ನಾನೂ ಮಿನೆಸೋಟದವನೇ ತಾನೆ, ಕೈ ಬೀಸಿ ಥ್ಯಾಂಕ್ಸ್ ಹೇಳಿದೆ. ಆಮೇಲೆ ಕೈಬ್ರೇಕ್ ನೆನಪಾಯಿತು. ಎಳೆದೆ. ಕಾರು ದೀಪದ ಕಂಬಕ್ಕೆ ಗೇಣಷ್ಟು ದೂರದಲ್ಲಿ ನಿಂತಿತು, ಊಟ ನನ್ನ ಅಂಗಿಯ ಮೇಲೆ ನಿಂತಿತು.

ಮಾರ್ಲಿಸ್ ಏದುಸಿರು ಬಿಡುತ್ತ ಓಡಿಬಂದಳು. ಪಾತ್ರೆ ಚೆಲ್ಲಿದ್ದಕ್ಕೆ ಬೈಯುತ್ತಾಳೆಂದುಕೊಂಡೆ. ಅವಳು ಪಾತ್ರೆಯತ್ತ ನೋಡಲೇ ಇಲ್ಲ, ಬಾಗಿಲು ತೆಗೆದು ಒಳಗೆ ಬಾಗಿ ನನ್ನ ಭುಜ ಹಿಡಿದಳು.

"ನೀನು ಒಳಗಿದೀಯ ಅನ್ನೋದೇ ಮರ್ತುಹೋಗಿತ್ತು ಕಣೋ."

ಕೀ ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು.

"ಒಂದು ಸಿಟ್ಟಿಗೆ ನಿನ್ನ ಕಳ್ಕೊಳ್ಳೋಕೆ ನಂಗಾಗಲ್ಲ. ನೀನೇ ಓಡಿಸು."

ಮೂರು ವರ್ಷ ಜಗಳವಾಡಿ ಬೇಡಿದ್ದ ಕೀ ಅದು. ಗೆದ್ದಿದ್ದೆ, ಆದರೂ ಅಳು ತಡೆಯಲಾಗಲಿಲ್ಲ.