ಮಣಿ ಸುತ್ತಿದ ಎಳೆ

ಎಳೆ ಹರಿಯಿತು, ಎಳೆಯೇ ಬಡಕಲಾಗಿತ್ತೋ ನನ್ನ ಬೆರಳೇ ಎಗರಿತೋ, ಬಾಂಡಲಿಯ ಬಿಸಿನೀರಲ್ಲಿ ರೇಷ್ಮೆಗೂಡುಗಳು ಒಂದನ್ನೊಂದು ನೂಕುತ್ತ ಕುಣಿಯುತ್ತಿವೆ — ಕುಣಿಯುತ್ತಿವೆ ಅನ್ನಬಾರದು, ತೇಲುತ್ತಿವೆ ಅನ್ನಬೇಕು — ಹುಳ ಬೆಂದ ವಾಸನೆ ಗಂಟಲಿಗೆ ಬರುತ್ತದೆ, ಐದು ತಿಂಗಳಾಯಿತು, ಈ ವಾಸನೆಗೆ ಒಳಗಿನ ಕೂಸೂ ಮಗ್ಗುಲು ಬದಲಿಸುತ್ತದೆ, ಬದಲಿಸಲಿ, ಕೂಸು ಮಗ್ಗುಲು ಬದಲಿಸುವುದು ಬೇರೆ, ಬೆರಳು ಎಗರುವುದು ಬೇರೆ. ತುದಿ ಹುಡುಕಿ ಮತ್ತೆ ಚರಕಕ್ಕೆ ಕೊಡಬೇಕು, ಪಕ್ಕದ ಬಾಂಡಲಿಯ ಚೆಲುವಮ್ಮ ಆಗಲೇ ನೋಡಿಬಿಟ್ಟಳು, ಯಾಕಮ್ಮಿ ಶಿವರತ್ನಿ, ಗಂಡ ಕಾಲೇಜು ಮೇಷ್ಟ್ರು ಅಂತ ನೂಲೂ ನಿನ್ ಕಂಡ್ರೆ ಎದ್ದು ನಿಂತ್ಕತದಾ, ನಕ್ಕೆ, ನಗುವಾಗಲೂ ಬೆರಳನ್ನೇ ನೋಡುತ್ತಿದ್ದೆ, ಅಲ್ಲಾಡುತ್ತಿಲ್ಲ, ಬಿಸಿಗೆ ತುದಿ ಸುಕ್ಕಾಗಿ ಬೆಳ್ಳಗಾಗಿದೆ ಅಷ್ಟೆ, ಶಿವನೇ, ಅಷ್ಟೇ ಆಗಿರಲಿ. ಅವ್ವನಿಗೂ ಬೆರಳಿನಿಂದಲೇ ಶುರುವಾದದ್ದು, ಅಪ್ಪ ಹೋದ ಮೇಲೆ ಅಗರದ ಅಜ್ಜಿಮನೆಯಲ್ಲಿದ್ದೆವು, ಜಗಲಿಯ ಮೇಲೆ ಕೂತು ಅವ್ವ ರಾಗಿ ಕೇರುತ್ತಿದ್ದಾಳೆ, ಭುಜ ಒಂದು ಕಡೆಗೆ ಜಗ್ಗುತ್ತದೆ, ಕುತ್ತಿಗೆ ಇನ್ನೊಂದು ಕಡೆಗೆ, ಕೈ ತನ್ನಷ್ಟಕ್ಕೆ ತಾನೇ ಗಾಳಿಯಲ್ಲಿ ಬಳ್ಳಿ ಬರೆಯುತ್ತದೆ, ಮೊರ ಮಗುಚಿ ರಾಗಿ ಅಂಗಳದ ತುಂಬ ಚೆಲ್ಲಿತು, ದೊಡ್ಡಬಸಮ್ಮಜ್ಜಿ ಓಡಿಬಂದವಳು ಬೈಯಲಿಲ್ಲ, ಕೈಮುಗಿದು ನಿಂತಳು, ಮಾದಪ್ಪ ಬಂದವ್ನೆ ಕಣ್ರೋ ನಮ್ಮನೆಗೆ, ನಿಮ್ ತಾತಂಗೂ ಕೊನೆಗಾಲದಲ್ಲಿ ಇಂಗೇ ಬತ್ತಿದ್ದ, ಸಾಂಬ್ರಾಣಿ ಆಕ್ರೋ. ಆಮೇಲೆ ಸೋಮವಾರ ಬಂತೆಂದರೆ ಜಗಲಿ ತುಂಬ ಜನ, ಹಾಲು, ಬಾಳೆಹಣ್ಣು, ನಮ್ ಎತ್ತು ಯಾವ ದಿಕ್ಕಿಗೆ ಓಯ್ತು ತಾಯಿ ಎಂದು ಕೇಳಿದರೆ ಅವ್ವನ ಕೈ ಎತ್ತ ಬೀಸಿತೋ ಅತ್ತ ಹುಡುಕಲು ಹೊರಡುವರು, ಒಮ್ಮೊಮ್ಮೆ ಎತ್ತು ಸಿಕ್ಕೂ ಬಿಡುತ್ತಿತ್ತು. ಅವ್ವ ಏನೂ ಹೇಳುತ್ತಿರಲಿಲ್ಲ, ನಾಲಿಗೆ ಆಗಲೇ ತೊದಲುತ್ತಿತ್ತು, ಅನ್ನ ನುಂಗಲಾರದೆ ಮೂಳೆಯಾದಳು, ದೇವರು ಉಪವಾಸ ಹಿಡಿಸಿದ್ದಾನೆ ಅಂದೆವು, ಒಂದು ದಿನ ನನ್ನ ಸೆರಗು ಹಿಡಿದುಕೊಂಡು ಏನೋ ಹೇಳಬಂದಳು, ನಾನು ಆರತಿ ಎತ್ತಿದೆ. ಮಾದಪ್ಪ, ಅದು ನೀನಲ್ಲದಿದ್ದರೆ ನಾವು ಧೂಪ ಹಿಡಿದದ್ದು ಯಾರಿಗೆ.

ನೀನಲ್ಲ ಅಂತ ಮಾವ ಹೇಳಿದ್ದು ಮೊನ್ನೆ ಭಾನುವಾರ, ಮದುವೆಯಾದ ಮೇಲೂ ಗಂಡನನ್ನು ಮಾವ ಅಂತಲೇ ಕರೆಯುತ್ತೇನೆ, ಅಜ್ಜಿಯ ಕಿರಿಮಗ ಸದಾಶಿವಪ್ಪ, ನನ್ನನ್ನು ಎತ್ತಿ ಆಡಿಸಿದವನು, ದೈವ ಇಳಿದ ಮನೆಯ ಹೆಣ್ಣನ್ನು ಹೊರಗೆ ಕೊಟ್ಟರೆ ದೈವವೂ ಹಿಂದೆ ಹೋದೀತೆಂದು ಅಜ್ಜಿ ಕಾಲೇಜು ಕೆಲಸದ ಮಗನಿಗೇ ನನ್ನನ್ನು ತಂದುಕೊಂಡಳು, ನಮ್ ದ್ಯಾವ್ರು ನಮ್ಮಲ್ಲೇ ಇರ್ಲಿ. ಮೈಸೂರಿಂದ ಯಾವುದೋ ವಿಜ್ಞಾನದ ಪತ್ರಿಕೆ ತಂದು ಮಾವ ಎರಡು ದಿನ ಉಣ್ಣಲಿಲ್ಲ, ಮೂರನೆಯ ದಿನ ನಡುಮನೆಯ ಕಪ್ಪು ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಗೆರೆ ಎಳೆದು ನನ್ನನ್ನು ಕರೆದ, ಇದು ಡಿಎನ್‌ಎ ಅನ್ನೋ ಎಳೆ ಕಣಮ್ಮಿ, ಮೈಯ ಒಂದೊಂದು ಜೀವಕೋಶದಲ್ಲೂ ಒಂದು ಮಾರಿಗಿಂತ ಉದ್ದ, ಕಣ್ಣಿಗೆ ಕಾಣದ ಕೋಣೆಯಲ್ಲಿ ಹೆಂಗೆ ಹಿಡೀತದೆ ಹೇಳು. ಗೂಡಲ್ಲಿ ಹಿಡಿಯುವುದಿಲ್ಲವೇ ಅಂದೆ, ಇಷ್ಟೇ ಇಷ್ಟು ಗೂಡಲ್ಲಿ ಒಂದು ಬೀದಿಯುದ್ದದ ನೂಲು. ಅವನ ಮುಖ ಅರಳಿತು, ಗೆರೆಯ ಮೇಲೆ ಮಣಿ ಬರೆದ, ಎಂಟು ಚೂರು ಪ್ರೋಟೀನು ಅಂಟಿಕೊಂಡು ಒಂದು ಮಣಿ, ಎಳೆ ಅದಕ್ಕೆ ಎರಡು ಸುತ್ತಿಗೆ ತುಸು ಕಮ್ಮಿ ಸುತ್ತಿ ಮುಂದಿನ ಮಣಿಗೆ ಹೋಗುತ್ತದೆ, ನ್ಯೂಕ್ಲಿಯೊಸೋಮ್ ಅಂತ ಈಚೆಗೆ ಹೆಸರಿಟ್ಟಿದ್ದಾರಂತೆ, ಹೀಗೆ ಸುತ್ತಿಕೊಳ್ಳದಿದ್ದರೆ ಗಂಟು ಬಿದ್ದು ಹರಿದುಹೋಗುತ್ತಿತ್ತಂತೆ. ಕಣ್ಣಲ್ಲೂ ಉಗುರಲ್ಲೂ ಇರುವುದು ಒಂದೇ ಎಳೆ, ಸುತ್ತು ಸಡಿಲಾದ ಕಡೆ ಮೈ ಹೇಗಿರಬೇಕೆಂದು ಎಳೆಯಲ್ಲಿರುವ ಬರಹ ಓದಿಸಿಕೊಳ್ಳುತ್ತದೆ, ಬಿಗಿಯಾದ ಕಡೆ ಸುಮ್ಮನಿರುತ್ತದೆ, ಅದಕ್ಕೇ ಕಣ್ಣು ಕಣ್ಣಾಗಿದೆ ಉಗುರು ಉಗುರಾಗಿದೆ, ಎಷ್ಟು ಚಂದ ಅನಿಸಿತು, ಶಿವ ಕೂತು ನೂಲು ಸುತ್ತಿದ ಹಾಗೆ, ಮಣಿಮಣಿಗೂ ಒಂದು ಜಪ. ಚಂದ ಅನ್ನುವಷ್ಟರಲ್ಲಿ ಅವನು ತಲೆ ಎತ್ತದೆ ಹೇಳಿದ, ಅಕ್ಕಂಗೆ ಬಂದದ್ದು ದ್ಯಾವ್ರಲ್ಲ ರತ್ನಿ, ಕಾಯಿಲೆ, ಎಳೆಯಲ್ಲೇ ಬರೆದಿರೋ ಕಾಯಿಲೆ. ಕಲ್ಲು ತಣ್ಣಗೆ ಕಾಲಿಗೆ ಹತ್ತಿತು, ಹಾಗಾದರೆ ನನಗೆ, ಬರಬೋದು, ಬರದೇನೂ ಇರಬೋದು, ಹಾಗಾದರೆ ಇದಕ್ಕೆ, ಹೊಟ್ಟೆಯ ಮೇಲೆ ಕೈ ಇಟ್ಟೆ, ಆ ಜಾಗ ಬಿಗಿಯಾಗಿ ಸುತ್ತಿಟ್ಟುಬಿಟ್ಟರೆ ಸಾಕಲ್ಲ ಮಾವ, ಯಾರೂ ಓದದ ಹಾಗೆ. ಆ ಕಾಯಿಲೆಗೂ ಈ ಸುತ್ತಿಗೂ ಏನು ನಂಟೋ ಇನ್ನೂ ಯಾರಿಗೂ ಗೊತ್ತಿಲ್ಲ ಕಣಮ್ಮಿ, ಸುತ್ತೋದು ಬಿಚ್ಚೋದು ನಮ್ ಕೈಲಿಲ್ಲ. ಅಂದವನೇ ಕೊನೆಯ ಮಣಿಯನ್ನು ಅಂಗೈಯಲ್ಲಿ ಉಜ್ಜಿ ಅಳಿಸಿದ, ಯಾಕೆ ಅಳಿಸಿದ, ಸರಿಯಾಗೇ ಇತ್ತಲ್ಲ, ಇತ್ತೇ.

ನೂಲು ಓಡುತ್ತಿದೆ, ಚರಕ ಗಿರಗಿರ, ನಾಲ್ಕು ದಿನದಿಂದ ನನ್ನ ಬೆರಳನ್ನೇ ಕಾಯುತ್ತಿದ್ದೇನೆ, ಲೋಟ ಹಿಡಿದಾಗ, ಕುಂಕುಮ ಇಡುವಾಗ, ಆದರೆ ಅವ್ವನಿಗೆ ಶುರುವಾದಾಗ ನನ್ನ ವಯಸ್ಸಲ್ಲ, ತಲೆಯಲ್ಲಿ ಬಿಳಿಕೂದಲು ಬಂದಿತ್ತು, ಮಾವನ ಕಿವಿಯ ಮೇಲೆ ಈಗ ಇರುವಷ್ಟು — ಅಕ್ಕಂಗೆ ಅಂದನಲ್ಲ, ನಿಮ್ಮವ್ವಂಗೆ ಅನ್ನಲಿಲ್ಲ, ನನಗೆ ಅವ್ವ, ಅವನಿಗೆ ಒಡಹುಟ್ಟಿದ ಅಕ್ಕ, ಒಬ್ಬನೇ ತಾತನ ಎಳೆ, ಅಯ್ಯೋ ಅಜ್ಜಿ, ಒಳಗಿರುವ ಕೂಸಿಗೆ ಎರಡು ಕಡೆಯಿಂದಲೂ ಒಂದೇ ಗೂಡಿನ ನೂಲು. ಬಾಗಿಲಲ್ಲಿ ಮಾವ ನಿಂತಿದ್ದಾನೆ, ಕಾಲೇಜು ಬಿಟ್ಟಿತಂತೆ, ಬೆಳಕು ಅವನ ಹಿಂದೆ ಇದೆ, ಮುಖ ಕಾಣುವುದಿಲ್ಲ, ಕೈಗಳು ಜೇಬಿನಲ್ಲಿವೆ, ಯಾವಾಗಿನಿಂದ ಇವನು ಜೇಬಿನಲ್ಲಿ ಕೈ ಇಡಲು ಕಲಿತದ್ದು. ಚರಕ ನಿಲ್ಲಿಸಿ ಎದ್ದೆ, ಮನೆಗೆ ಬಂದು ನಡುಮನೆಗೆ ಹೋದೆವು, ಮಾವ, ಆ ಮಣಿ ಇನ್ನೊಂದ್ಸಲ ಬರಿ. ಈಗ್ಯಾಕೆ, ದಣಿದಿದ್ದೀನಿ ಅಂದ. ಬರಿ ಅಂದೆ. ಅವನು ಜೇಬಿನಿಂದ ಕೈ ತೆಗೆದು ಕೂತ, ಕೂತು ಗೆರೆ ಎಳೆದ, ಗೆರೆ ನೆಟ್ಟಗಿದೆ, ಮಾದಪ್ಪ ನೆಟ್ಟಗಿದೆ, ಒಂದು ಮಣಿ, ದುಂಡಗೆ, ಸುತ್ತು ಬಂತು, ಇನ್ನೊಂದು ಮಣಿ, ಬೆರಳು ಎಗರಿತು, ಸುಣ್ಣದ ಗೆರೆ ಮಣಿಯನ್ನು ಬಿಟ್ಟು ಪಕ್ಕಕ್ಕೆ ಚಿಮ್ಮಿತು, ಅಂಗೈಯಲ್ಲಿ ಅಳಿಸಿ ಮತ್ತೆ ಬರೆಯುತ್ತಾನೆ, ಮತ್ತೆ ಚಿಮ್ಮುತ್ತದೆ, ಅಳಿಸುತ್ತಾನೆ, ಕಲ್ಲಿನ ಮೇಲೆ ಬಿಳಿ ಮಸುಕು, ಸಾಕು ಮಾವ ಅನ್ನಬೇಕು, ಮಣಿ, ಚಿಮ್ಮಿದ ಗೆರೆ, ಮಣಿ, ಚಿಮ್ಮಿದ ಗೆರೆ