ಅಕ್ಕ ಓಡಿದ ರೀಲು

ಲಕ್ಕವ್ವ ಹುಟ್ಟುಕಪ್ಪು. ಆದರೂ ಸಿನಿಮಾದವರಿಗೆ ಆ ಕಪ್ಪು ಸಾಲಲಿಲ್ಲ. ಯಡೂರಿನ ಹೊಳೆದಂಡೆಯಲ್ಲಿ, ಜಾಲಿಕಂಟಿಗಳ ನಡುವೆ ಅವಳನ್ನು ನಿಲ್ಲಿಸಿ ಮುಖಕ್ಕೆ, ತೋಳಿಗೆ, ಮೊಣಕಾಲಿನವರೆಗೆ ಮಸಿ ಬಳಿದರು. ಮುಂಬಯಿಯವರು ಹಿಂದಿಯಲ್ಲಿ ಹೇಳಿದ್ದನ್ನು ಅವರ ಏಜೆಂಟ ಕನ್ನಡದಲ್ಲಿ ಹೇಳಿದ: "ಬಾಯಿ, ನಿನ್ನ ಕೂಸು ಹೊಳ್ಯಾಗ ತೇಲಿ ಹೊಂಟೈತಿ ಅಂತ ತಿಳ್ಕೊ. ಕೈ ಚಾಚಿ ಓಡು. ಕೂಗು."

ಒಂದು ಕೂಸನ್ನು ಹೆತ್ತು ಮಣ್ಣಿಗಿಟ್ಟವಳು ಲಕ್ಕವ್ವ. ಅವಳಿಗೆ ನಟಿಸುವುದೇನಿತ್ತು? "ಹಿಡೀರಿ! ಯಾರರ ಹಿಡೀರೋ!" ಎಂದು ಗಂಟಲು ಹರಿಯುವಂತೆ ಕೂಗುತ್ತ ಓಡಿದಳು. ಒಂದೇ ಸಲಕ್ಕೆ ಮುಗಿಯಿತು. ಸಿನಿಮಾದವರು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಅವಳ ತಮ್ಮ ಭೀಮಸಿ. ಅವಳನ್ನು ಒಪ್ಪಿಸಿ ಅಲ್ಲಿಗೆ ಕರೆತಂದವನೂ ಅವನೇ.

ಭೀಮಸಿ ನಿಪ್ಪಾಣಿಯ ಟಾಕೀಜಿನಲ್ಲಿ ಮಷಿನ್ ಆಪರೇಟರ. ಏಳನೆಯ ಇಯತ್ತೆಗೇ ಸಾಲೆ ಬಿಟ್ಟವನು. ಗಂಡ ಬಿಟ್ಟು ಹೋದ ಮೇಲೆ ಲಕ್ಕವ್ವ ತಂಬಾಕು ತುಂಬಿಡುವ ವಖಾರಿಯಲ್ಲಿ ಜರಡಿ ಹಿಡಿದು, ಆ ಖಾರದ ದೂಳು ಕುಡಿದು ಅವನನ್ನು ಸಾಕಿದ್ದಳು. ಅಕ್ಕನನ್ನು ಪರದೆಯ ಮೇಲೆ ನೋಡಬೇಕು ಅಂತ ಅವನಿಗೆ ಆಸೆ. ಅಷ್ಟೇ ಅವನು ಮಾಡಿದ ತಪ್ಪು.

ಎಂಬತ್ತೆಂಟರ ಬೇಸಿಗೆಯಲ್ಲಿ ಪಿಚ್ಚರ್ ನಿಪ್ಪಾಣಿಗೆ ಬಂತು. ಎಂಟನೆಯ ರೀಲು ಹಾಕಿ ಭೀಮಸಿ ಗೋಡೆಯ ಕಿಂಡಿಗೆ ಕಣ್ಣಿಟ್ಟ. ಪರದೆಯ ಮೇಲೆ ಹೀರೋನ ಡುಮ್ಮ ಗೆಳೆಯ ಧೋತರ ಕಳಚಿಕೊಂಡು ಕಾಡಿನಲ್ಲಿ ಓಡುತ್ತಿದ್ದ. ಮರುಗಳಿಗೆಗೆ ಅಕ್ಕ, ಕೈ ಚಾಚಿ ಓಡಿಬರುತ್ತಿದ್ದಳು. ಮತ್ತೆ ಡುಮ್ಮ. ಮತ್ತೆ ಅಕ್ಕ. ಅವಳ ಕೂಗು ತೆಗೆದು ಯಾರದೋ ಕೇಕೆ ಹಾಕಿದ್ದರು, "ಹುಯ್ಯಾ ಹುಯ್ಯಾ" ಅಂತ. ಕೊನೆಗೆ ಹಾಲಿನ ಬಣ್ಣದ ಹೀರೋಯಿನ್ ಬಂದು ಡುಮ್ಮನನ್ನು ಉಳಿಸಿದಳು. ಗಂಡಸಿನ ವಾಸನೆ ಹಿಡಿದು ಬರುವ ಕರೀ ರಾಕ್ಷಸಿ ಅಂತ ಡುಮ್ಮ ಹಿಂದಿಯಲ್ಲಿ ಏನೋ ಅಂದ. ಟಾಕೀಜು ಸೀಟಿ ಹೊಡೆದು ಹೊಡೆದು ಹರಿದು ಹೋಯಿತು.

ವಾರದೊಳಗೆ ಪಿಚ್ಚರ್ ಓಣಿಗೆ ಇಳಿಯಿತು. ವಖಾರಿಯ ಗೇಟಿನಲ್ಲಿ ಸೈಕಲ್ ಹುಡುಗರು "ಹುಯ್ಯಾ!" ಎಂದು ಕೂಗಿ, ಹೆದರಿದಂತೆ ಧೋತರ ಹಿಡಿದುಕೊಂಡು ಓಡುವ ನಾಟಕ ಮಾಡತೊಡಗಿದರು. "ಲೇ, ನಿನ್ನ ಹಿಡಿಯಾಕ ಬಂದಾಳ ನೋಡ್ಲೇ!" ಲಕ್ಕವ್ವ ಸೆರಗು ಹೊದ್ದು ಒಳಗೆ ಹೋಗುತ್ತಿದ್ದಳು.

ಮೂರನೆಯ ವಾರ, ವಖಾರಿಯ ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮ ಸತ್ಯಪ್ಪ ಅವಳನ್ನು ಚೀಲಗಳ ಹಿಂದೆ ಅಮುಕಿ ಹಿಡಿದ. ಕೈಯಲ್ಲಿದ್ದ ಜರಡಿಯ ಅಂಚಿನಿಂದ ಅವಳು ಅವನ ಹಣೆ ಒಡೆದಳು. ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಸತ್ಯಪ್ಪ ಊರೆಲ್ಲ ಹೇಳಿದ: "ಆಕೀನೇ ನನ್ನ ಮ್ಯಾಲ ಬಿದ್ಲು. ಪಿಚ್ಚರ್ ನೋಡಿಲ್ಲೇನ ನೀವು?"

ಸೋಮವಾರ ಮಾಲಕರ ಮುಂದೆ ನ್ಯಾಯ ಅಂತ ಗೊತ್ತಾಯಿತು. ಒಂದೋ ಸತ್ಯಪ್ಪ ಕೆಲಸ ಬಿಡಬೇಕು, ಇಲ್ಲ ಲಕ್ಕವ್ವ.

ಭೀಮಸಿಗೆ ಅಂದೇ ಒಂದು ವಿಚಾರ ಹೊಳೆಯಿತು. ಸೋಮವಾರ ಬೆಳಿಗ್ಗೆ ಟಾಕೀಜಿಗೆ ಹೋಗಿ ಎಂಟನೆಯ ರೀಲು ಬಿಚ್ಚಿ, ಆ ತುಂಡನ್ನು ಕತ್ತರಿಸಿ ಅಂಗಿಯೊಳಗೆ ಇಟ್ಟುಕೊಂಡ.

ಮಾಲಕ ಆಬಾಸಾಹೇಬರ ಕಚೇರಿಯಲ್ಲಿ ಊರಿನ ನಾಲ್ಕು ಮಂದಿ ಹಿರಿಯರು ಚಹಾ ಕುಡಿಯುತ್ತಿದ್ದರು. ಸತ್ಯಪ್ಪ ಕುರ್ಚಿಯಲ್ಲಿ, ಲಕ್ಕವ್ವ ಬಾಗಿಲಲ್ಲಿ.

"ಏನಾತವಾ ಹೇಳು," ಎಂದರು ಆಬಾಸಾಹೇಬ.

"ಹಿಂದಿಂದ ಬಂದು ಹಿಡದಾರ್ರಿ. ಬಿಡ್ರಿ ಅಂದೆ, ಬಿಡಲಿಲ್ಲ. ಹೊಡದೆ."

"ಈಕಿ ಗುಣಾ ಎಂಥಾದ್ದು ಅಂತ ಪರದೇ ಮ್ಯಾಲ ಊರಿಗೂರೇ ನೋಡೇತ್ರಿ, ಸಾವಕಾರ್ರ," ಎಂದ ಸತ್ಯಪ್ಪ.

ಹಿರಿಯರು ಮೀಸೆಯೊಳಗೆ ನಕ್ಕರು. ಒಬ್ಬರು ಕೇಳಿದರು: "ಯವ್ವಾ, ಅದು ನೀನ ಹೌದಲ್ಲೋ?"

"ನಾನ ಹೌದ್ರಿ. ಆದ್ರ..."

"ಮುಗೀತಲಾ ಮತ್ತ."

ಭೀಮಸಿ ಮುಂದೆ ನುಗ್ಗಿದ. ತುಂಡನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದ. "ನೋಡ್ರಿ ಇಲ್ಲೆ! ನಾ ಆಪರೇಟರ ಅದೀನಿ, ನನಗ ಗೊತ್ತೈತಿ. ಈ ಚಿತ್ರದಾಗ ಆ ಡುಮ್ಮ ಅದಾನ, ನಮ್ಮಕ್ಕ ಇಲ್ಲ. ಇದ್ರಾಗ ನಮ್ಮಕ್ಕ ಅದಾಳ, ಅಂವ ಇಲ್ಲ. ಇಬ್ಬರೂ ಕೂಡಿದ್ದು ಒಂದಽ ಒಂದು ಚಿತ್ರ ತೋರಸ್ರಿ! ಆಕಿ ಓಡಿದ್ದು ಕೂಸಿನ ಸಲುವಾಗ್ರಿ. ಅಂವನ್ನ ಆಕಿ ಕಣ್ಣಿಲೆ ನೋಡಿಲ್ಲ. ಅದನ್ನೂ ಇದನ್ನೂ ಮುಂಬಯಿದಾಗ ಜೋಡಿಸ್ಯಾರ!"

ಒಬ್ಬ ಹಿರಿಯರು ಎದ್ದುಬಂದು, ಮೂಗಿನ ಮೇಲೆ ಚಾಳೀಸು ಏರಿಸಿ, ಉಗುರಿನಷ್ಟಗಲದ ಆ ಚಿತ್ರಗಳನ್ನು ನಿಧಾನವಾಗಿ ನೋಡಿದರು. ಭೀಮಸಿಯ ಎದೆ ಹಿಗ್ಗಿತು.

"ಅರೆ ಬಾಪರೆ," ಎಂದರು ಅವರು, "ಇಷ್ಟ ಸಣ್ಣದಾಗೂ ಎಷ್ಟ ಕರ್ರಗ ಕಾಣತಾಳಪಾ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಬಾಸಾಹೇಬರು ಮಾತ್ರ ನಗಲಿಲ್ಲ. ಅವರು ನೋಡುತ್ತಿದ್ದದ್ದು ಚಿತ್ರಗಳನ್ನಲ್ಲ, ಕತ್ತರಿಸಿದ ತುದಿಯನ್ನು.

"ಇದು ಟಾಕೀಜಿನ ಮಾಲಲ್ಲೇನೋ?" ಎನ್ನುತ್ತ ಫೋನಿನ ಮೇಲೆ ಕೈ ಇಟ್ಟರು. "ಕಳುವಾತಲೇ ತಮ್ಮಾ ಇದು. ಪೊಲೀಸರ್ನ ಕರೀಲ್ಯಾ? ಇಲ್ಲಾ, ನಿಮ್ಮಕ್ಕ ಇದನ್ನ ಇಲ್ಲಿಗೇ ಬಿಡತಾಳೋ?"

"ಕರೀರಿ!" ಎಂದು ಭೀಮಸಿ ಒದರಿದ. "ಅವರಿಗೂ ತೋರಸ್ತೀನಿ!"

"ಬಾಯಿ ಮುಚ್ಚೋ ಭೀಮ್ಯಾ." ಲಕ್ಕವ್ವ ಬಾಗಿಲು ಬಿಟ್ಟು ಒಳಗೆ ಬಂದಿದ್ದಳು. "ಹೆಬ್ಬಟ್ಟು ಎಲ್ಲಿ ಒತ್ತಬೇಕ್ರಿ?"

ಗುಮಾಸ್ತ ಮರಾಠಿಯಲ್ಲಿ ಬರೆದ: ಮುಕಾದಮರ ಮೇಲೆ ಕೈ ಮಾಡಿದ್ದು ನನ್ನದೇ ತಪ್ಪು, ಕೆಲಸ ನಾನಾಗಿಯೇ ಬಿಡುತ್ತೇನೆ. ಲಕ್ಕವ್ವ ಹೆಬ್ಬೆಟ್ಟು ಒತ್ತಿದಳು. ಬೆರಳಿನ ಮಸಿಯನ್ನು ಅಲ್ಲಿನ ಗೋಡೆಗೇ ಒರೆಸಿದಳು.

ಸುದ್ದಿ ಮುಟ್ಟಿದರೂ ಭೀಮಸಿಯನ್ನು ಟಾಕೀಜಿನವರು ಕೆಲಸದಿಂದ ತೆಗೆಯಲಿಲ್ಲ. ಕತ್ತರಿಸಿದವನೇ ಜೋಡಿಸಬೇಕು ಅಂದರು. ಅಂದೇ ಮಧ್ಯಾಹ್ನ ಅವನು ಫಿಲ್ಮಿನ ತುದಿ ಕೆರೆದು, ಅಂಟು ಹಚ್ಚಿ, ಗಟ್ಟಿಯಾಗಿ ಒತ್ತಿ ಹಿಡಿದ. ಜೋಡಣೆಯಲ್ಲಿ ಎರಡು ಚಿತ್ರ ಹಾಳಾದವು. ಮೂರರ ಆಟದಲ್ಲಿ ಪರದೆ ತುಸು ಜಿಗಿಯಿತು. ಯಾರಿಗೂ ಗೊತ್ತಾಗಲಿಲ್ಲ. ಸೀಟಿ ಎಂದಿನಂತೆಯೇ ಬಿತ್ತು.

ಲಕ್ಕವ್ವ ನಿಪ್ಪಾಣಿಯ ಬೇರೆ ವಖಾರಿಗಳಿಗೆ ಅಲೆದಳು. ನಾಲ್ಕು ಕಡೆ ಜಾಗ ಇಲ್ಲ ಎಂದರು. ಐದನೆಯ ಕಡೆಯ ಮುಕಾದಮ ಮುದುಕ, ಒಳ್ಳೆಯವನೇ, ಮೆತ್ತಗೆ ಹೇಳಿದ: "ಬ್ಯಾಡವಾ ತಂಗಿ. ನಮ್ಮಲ್ಲಿ ಗಂಡಸರು ಕೆಲಸಾ ಮಾಡತಾರ."

ಮನೆಗೆ ಬಂದು ರೊಟ್ಟಿ ಬಡಿಯುತ್ತ ಅವಳು ಇದನ್ನು ತಮ್ಮನಿಗೆ ಹೇಳಿದಳು. ಹೇಳಿ, ಅವನ ಮುಖ ನೋಡಿದಳು. ಭೀಮಸಿ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟ. ಅವನು ಎದ್ದು ಕೈ ತೊಳೆದುಕೊಂಡ. ಅದೇ ಪಿಚ್ಚರಿನ ಮೂರರ ಆಟಕ್ಕೆ ಹೊತ್ತಾಗಿತ್ತು.